ಹದಿನಾರು ಮಿಲಿಮೀಟರ್

ಶಾಮೊನಿಯಿಂದ ಜೆರ್ಮಾಟ್‌ವರೆಗೆ ಆಲ್ಪ್ಸ್ ಪರ್ವತಗಳನ್ನು ಸ್ಕೀ ಮೇಲೆ ದಾಟುವ ಓಟ್ ರೂಟ್‌ನ ಮೊದಲ ನಾಲ್ಕು ದಿನಗಳ ಬಗ್ಗೆ ನಾನು ಹೆಚ್ಚು ಬರೆಯಲಾರೆ. ಏಪ್ರಿಲ್ ತಿಂಗಳ ಹವೆ ಒಲಿದಿತ್ತು, ದಾರಿ ಸಾಗಿತು. ಐದನೆಯ ದಿನ ಬೆಳಗಿನ ಜಾವ ಪರ್ವತದ ತಂಗುಮನೆಯಾದ ಡಿಕ್ಸ್ ಹಟ್‌ನಿಂದ ಪೀನ್ ದಾರೋಲಾ ಶಿಖರದ ಕಡೆಗೆ ಹೊರಟಾಗ ನಡೆದದ್ದು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಶಿಖರಕ್ಕೆ ಮೊದಲು ಸರ್ಪೆಂಟೀನ್ ಎಂಬ ಕಡಿದಾದ ಹಿಮದ ಗೋಡೆ ಸಿಗುತ್ತದೆ. ಹಿಂದಿನ ಮಧ್ಯಾಹ್ನ ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿ ಕಲ್ಲಿನಂತಾಗಿತ್ತು. ಏರಲೆಂದು ಸ್ಕೀಯ ತಳಕ್ಕೆ ಅಂಟಿಸುವ ಪಟ್ಟಿಯಾದ ಸ್ಕಿನ್‌ನ ಕೂದಲು ಹಿಂದಕ್ಕೆ ಬಾಗಿರುತ್ತದೆ. ಹಾಗಾಗಿ ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿಕೊಳ್ಳುತ್ತದೆ. ಹಿಂದೆ ಸೀಲ್ ಪ್ರಾಣಿಯ ಚರ್ಮವನ್ನೇ ಬಳಸುತ್ತಿದ್ದರಂತೆ, ಹೆಸರು ಬಂದದ್ದು ಹಾಗೆ. ಆದರೆ ಅಡ್ಡ ಇಳಿಜಾರಿನ ಗಟ್ಟಿ ಮಂಜುಗಡ್ಡೆಯಲ್ಲಿ ಸ್ಕಿನ್ ಪೂರ್ತಿಯಾಗಿ ನೆಲಕ್ಕೆ ತಾಗುವುದೇ ಇಲ್ಲ. ಅಲ್ಲಿ ಬೇಕಾದದ್ದು ಸ್ಕೀ ಕ್ರ್ಯಾಂಪನ್, ಅಂದರೆ ಬೂಟಿನ ಕೆಳಗೆ, ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ಗೆ ಸಿಕ್ಕಿಸಿದರೆ ಸ್ಕೀಯ ಎರಡೂ ಬದಿಯಿಂದ ಹಲ್ಲು ಇಳಿಬಿಡುವ ಲೋಹದ ಪಟ್ಟಿ.

ನನ್ನ ಚೀಲದಲ್ಲಿ ಒಂದು ಜೋಡಿ ಇತ್ತು. ತೆಗೆದು ಕೂರಿಸಿದೆ, ಕೂರಲಿಲ್ಲ. ಮತ್ತೆ ಒತ್ತಿದೆ. ಅದರ ಅಗಲ 90 ಮಿಲಿಮೀಟರ್, ನನ್ನ ಸ್ಕೀಯ ನಡುಭಾಗ 106. ಹೊರಡುವ ಹಿಂದಿನ ಸಂಜೆ ಆಳವಾದ ಹೊಸ ಹಿಮದ ಆಸೆಯಿಂದ ಸ್ಕೀ ಬದಲಾಯಿಸಿಕೊಂಡಿದ್ದೆ. ಕ್ರ್ಯಾಂಪನ್ ಹಳೆಯದೇ ಉಳಿದಿತ್ತು. ಬಾಡಿಗೆಗೆ ಕೊಟ್ಟವರು ಅಳತೆ ಕೇಳಲಿಲ್ಲ. ಆ ಸಿಟ್ಟು ಇವತ್ತಿಗೂ ಹೋಗಿಲ್ಲ. ಬೂಟು, ಬೈಂಡಿಂಗ್, ಸ್ಕಿನ್, ಕ್ರ್ಯಾಂಪನ್ ಎಲ್ಲವನ್ನೂ ಹೊರಡುವ ಮುನ್ನ ಕೋಣೆಯಲ್ಲೇ ಒಮ್ಮೆ ಜೋಡಿಸಿ ನೋಡಿ, ದಯವಿಟ್ಟು.

ಎಡಗಾಲು ಒಂದು ಗೇಣು ಜಾರಿತು. ಕೆಳಗೆ ನೋಡಲು ಧೈರ್ಯವಾಗಲಿಲ್ಲ. ನಮ್ಮ ಮಾರ್ಗದರ್ಶಿ ಐವತ್ತು ದಾಟಿದ ಹೆಂಗಸು. ಮಾತಿಲ್ಲದೆ ನನ್ನ ಕೆಳಬದಿಗೆ ಬಂದು, ತಮ್ಮ ಸ್ಕೀಯನ್ನು ನನ್ನ ಸ್ಕೀಗೆ ಒತ್ತಾಗಿ ಊರಿ ನಿಂತರು. ಅವರ ಕ್ರ್ಯಾಂಪನ್ ಕರಕರ ಎಂದು ಕಚ್ಚಿಕೊಂಡಿತು. ಆಮೇಲೆ ಐಸ್ ಆಕ್ಸ್ ತೆಗೆದು ಮಂಜುಗಡ್ಡೆಯನ್ನು ಕಡಿಯತೊಡಗಿದರು. ಚೂರುಗಳು ಸಿಡಿದು ಗಾಜಿನಂತೆ ಸದ್ದು ಮಾಡುತ್ತ ಕೆಳಗೆ ಉರುಳುತ್ತಿದ್ದವು. ಒಂದು ಮಣೆಯಷ್ಟು ಸಮತಟ್ಟಾದ ಜಾಗವಾದ ಮೇಲೆ, "ಈಗ ಒಂದೊಂದೇ ಕಾಲು ಬಿಡಿಸಿಕೊಳ್ಳಿ" ಎಂದರು. ನಾನು ಸ್ಕೀ ಕಳಚಿ ಬೆನ್ನಿಗೆ ಕಟ್ಟಿ, ಬೂಟಿಗೇ ಕಟ್ಟುವ ಬೇರೆ ಕ್ರ್ಯಾಂಪನ್ ಬಿಗಿಯುವವರೆಗೂ ಅವರು ಅಲುಗಲಿಲ್ಲ. ಗಾಳಿಗೆ ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಶಿಖರ, ಇಳಿಜಾರು, ಬಂಡೆಯ ಅಂಚಿನಲ್ಲಿ ಕುಳಿತಿರುವ ವಿನ್ಯೆಟ್ ಹಟ್ ಎಲ್ಲವೂ ಬಂದುಹೋದವು. ಸಂಜೆ ಅವರ ಎದುರು ಕುಳಿತೆ.

"ಈ ಸ್ಕೀಯನ್ನು ಯಾವ ಹಿಮಕ್ಕೆಂದು ಆರಿಸಿದಿರಿ?"

"ಹೊಸ ಹಿಮಕ್ಕೆ."

"ಐದು ದಿನಗಳಲ್ಲಿ ಅದು ಎಷ್ಟು ಹೊತ್ತು ಸಿಕ್ಕಿತು?"

ಲೆಕ್ಕ ಹಾಕಿದೆ. ಎರಡು ಗಂಟೆಯೂ ಇರಲಿಲ್ಲ. ಉಳಿದದ್ದೆಲ್ಲ ಏರುವುದು, ಗಾಳಿ ಬಡಿದು ಗಟ್ಟಿಯಾದ ಹಿಮ, ಬೆಳಗಿನ ಮಂಜುಗಡ್ಡೆ, ಮಧ್ಯಾಹ್ನದ ಕೆಸರಿನಂಥ ಹಿಮ. ಅವರು ತಮ್ಮ ಸ್ಕೀಯನ್ನು ನನ್ನ ತೊಡೆಯ ಮೇಲೆ ಇಟ್ಟರು. ನಡುಭಾಗ 84 ಮಿಲಿಮೀಟರ್, ಬೈಂಡಿಂಗ್ ಅಂಗೈಯಷ್ಟು. ಬೂಟಿನ ಮೂತಿಯನ್ನು ಎರಡು ಮೊಳೆಗಳ ನಡುವೆ ಹಿಡಿಯುವ ಈ ಬಗೆಯನ್ನು 1980ರ ದಶಕದಲ್ಲಿ ರೂಪಿಸಿದವರು ಆಸ್ಟ್ರಿಯದ ಫ್ರಿಟ್ಜ್ ಬಾರ್ಥೆಲ್. ನನ್ನ ಭಾರದ ಬೈಂಡಿಂಗ್‌ಗೆ ಹೋಲಿಸಿದರೆ ಅದು ಆಟಿಕೆಯಂತೆ ಕಂಡಿತು. ಅದರ ಮೇಲೇ ಅವರು ದಿನವಿಡೀ ಹಗುರವಾಗಿ ಏರಿದ್ದನ್ನು ನೋಡಿದ್ದೆ. ಅವರ ಸ್ಕಿನ್ ಮೊಹೇರ್ (ಅಂಗೋರಾ ಮೇಕೆಯ ಉಣ್ಣೆ) ಮತ್ತು ನೈಲಾನ್ ಬೆರಕೆಯದು. ಮೊಹೇರ್ ಚೆನ್ನಾಗಿ ಜಾರುತ್ತದೆ, ನೈಲಾನ್ ಚೆನ್ನಾಗಿ ಹಿಡಿಯುತ್ತದೆ, ಬಾಳಿಕೆಯೂ ಹೆಚ್ಚು. ಸ್ಕೀಯ ಉಕ್ಕಿನ ಅಂಚು ಮಾತ್ರ ಬರಿದಾಗಿ ಉಳಿಯುವಂತೆ ಅದನ್ನು ನಾಜೂಕಾಗಿ ಕತ್ತರಿಸಿದ್ದರು. ಇಳಿಯುವಾಗ ಮಡಚಿ ಅಂಗಿಯೊಳಗೆ ಇಟ್ಟುಕೊಳ್ಳುತ್ತಾರೆ, ಅಂಟು ಚಳಿಗೆ ಸತ್ತುಹೋಗಬಾರದೆಂದು.

ಅಗಲದ ಸ್ಕೀಯನ್ನು ಅವರು ಹಳಿಯಲಿಲ್ಲ. ಚಳಿಗಾಲದ ನಡುವೆ ಕಾಡಿನ ಆಳವಾದ ಹಿಮಕ್ಕೆ ತಾವೂ ಅಂಥದ್ದನ್ನೇ ಬಳಸುವುದಾಗಿ ಹೇಳಿದರು. ಎಲ್ಲ ಬಗೆಯ ನೆಲಕ್ಕೂ ಒಂದೇ ಜೋಡಿ ಬೇಕೆಂದರೆ 85ರಿಂದ 95ರ ನಡುವೆ ನೋಡುವುದಾಗಿ ತಿಳಿಸಿದರು. ನನಗೀಗ ಅದಕ್ಕಿಂತ ಅಗಲದ್ದರ ಮೇಲೆ ಮನಸ್ಸಿಲ್ಲ.

ಕೊನೆಯ ದಿನ ಕೋಲ್ ಡೆ ವಾಲ್ಪೆಲೀನ್ ಕಣಿವೆಮಾರ್ಗ ಹತ್ತಿ ನಿಂತಾಗ ಮ್ಯಾಟರ್‌ಹಾರ್ನ್ ಎದುರಿಗಿತ್ತು. ಸ್ಟೋಕ್ಯಿ ಹಿಮನದಿಯ ನೆರಳಿನ ಬದಿಯಲ್ಲಿ ಎಲ್ಲಿಂದಲೋ ಗಾಳಿ ತಂದು ತುಂಬಿದ ಒಣ ಹಿಮ ಮೊಣಕಾಲಿನವರೆಗೆ ಇತ್ತು. ಅವರು ನಿಂತು, ಊರುಗೋಲಿನಿಂದ ಅದರ ಆಳ ನೋಡಿ, ನನ್ನತ್ತ ತಿರುಗಿ ದಾರಿ ಬಿಟ್ಟರು.

"ಇದು ನಿಮ್ಮ ಸ್ಕೀಯದು. ಮೊದಲು ನೀವೇ ಹೋಗಿ."