ಜವಳಿ ಸಾಲಿನ ಅಂಗಡಿ, ಐದನೇ ಭಾನುವಾರ: 1865 ಅಳಿಸಿದೆ

ಒಂದು ಹಳೇ ಅಂಗಡಿಯ ವಯಸ್ಸು ಹುಡುಕುತ್ತಾ ಭಾನುವಾರ ಭಾನುವಾರ ಬರೆಯುತ್ತಿದ್ದೇನೆ. ಮೊದಲು ಒಂದು ತಿದ್ದುಪಡಿ. ಹುಬ್ಬಳ್ಳಿ ದುರ್ಗದಬೈಲ್ ಹತ್ತಿರ, ಜವಳಿ ಸಾಲಿನ ಆ ಹಳೇ ಬಟ್ಟೆ ಅಂಗಡಿ 1865ರದ್ದು ಅಂತ ಮೊದಲ ವಾರ ಬರೆದಿದ್ದೆ. ಅದು ತಪ್ಪು. ಮಾಡಿನಿಂದ ಇಳಿಸಿಟ್ಟಿದ್ದ ಹಂಚಿನ ಹಿಂಬದಿ ನೋಡಿ ಹಾಗೆ ಬರೆದಿದ್ದೆ. ಬಾಸೆಲ್ ಮಿಶನ್ (ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ) ಅಚ್ಚು, ಪಕ್ಕದಲ್ಲೇ 1865 ಅಂತ ಇತ್ತು.

ಅದು ಕಾರ್ಖಾನೆ ಹುಟ್ಟಿದ ವರ್ಷ. ಮಂಗಳೂರಿನ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಆಗ. ಆಮೇಲೂ ಅದೇ ಇಸವಿಯನ್ನು ಹಂಚಿನ ಮೇಲೆ ಒತ್ತುತ್ತಾ ಹೋದರು. ಹುಬ್ಬಳ್ಳಿಗೆ ರೈಲು ಬಂದದ್ದೇ 1880ರ ದಶಕದಲ್ಲಿ. ಅದಕ್ಕೂ ಮೊದಲು ಇಷ್ಟು ಹಂಚನ್ನು ಚಕ್ಕಡಿಯಲ್ಲಿ ಘಟ್ಟ ಹತ್ತಿಸಿ ತರೋದು ಸುಮ್ನೆ ಮಾತಲ್ಲ. ಇನ್ನೊಂದು ಕಡೆ, ಮೊದಲ ಮಹಾಯುದ್ಧದ ಹೊತ್ತಿಗೆ ಮಿಶನ್ನಿನ ಕಾರ್ಖಾನೆಗಳನ್ನು ಬ್ರಿಟಿಷ್ ಸರ್ಕಾರ ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಬ್ರಿಟಿಷ್ ಕಂಪನಿಯ ಪಾಲಾದವು. ಹಾಗಾಗಿ ನಮ್ಮ ಹಂಚು ಹೆಚ್ಚುಕಡಿಮೆ ಈ ಎರಡರ ನಡುವಿನದು.

ಆದರೆ ಮಾಳಿಗೆಯ ಗರ್ಡರ್ ಬೇರೆಯೇ ಹೇಳುತ್ತಿದೆ. ಸುಣ್ಣ ಕೆರೆದರೆ ಟಿಸ್ಕೊ ಅಂತ ಅಕ್ಷರ ಎದ್ದು ಬಂತು. ಟಿಸ್ಕೊ ಅಂದರೆ ಟಾಟಾದವರ ಉಕ್ಕಿನ ಕಂಪನಿ. ಅವರ ಉಕ್ಕು ಮೊದಲು ಹೊರಬಿದ್ದದ್ದು 1912ರಲ್ಲಿ. ಹಳೇ ಹಂಚು ಮೇಲೆ, ಹೊಸ ಗರ್ಡರ್ ಕೆಳಗೆ! ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಗಲ್ಲೆಯ ಮೇಲೆ ಕೂತಿದ್ದ ಹಿರಿಯರನ್ನೇ ಕೇಳಿದೆ.

"ಕೆಳಗಿಂದು ನಮ್ಮ ಮುತ್ಯಾ ಕಟ್ಟಿಸಿದ್ದರಿ. ಮಾಳಿಗಿ ಆಮ್ಯಾಲೆ ಏರಿಸ್ಯಾರ. ಹಂಚು ಇಳಿಸಿ, ಮತ್ತ ಅವನ್ನ ಮ್ಯಾಲ ಹೊದಿಸಿದ್ರಂತ" ಅಂದರು. ಗಂಟು ಬಿಚ್ಚಿತು. ಹಂಚಿನ ವಯಸ್ಸು ಕೆಳಗಿನ ಅಂಗಡಿಗೆ, ಗರ್ಡರಿನ ವಯಸ್ಸು ಮಾಳಿಗೆಗೆ. ಈ ಎರಡನ್ನೂ ಕೂಡಿಸಿ ಒಂದೇ ಇಸವಿ ಹುಡುಕಿದ್ದೇ ನನ್ನ ತಪ್ಪು. ಸಿಟಿ ಸರ್ವೆ ಉತಾರಕ್ಕೆ (ಆಸ್ತಿಯ ಸರ್ಕಾರಿ ದಾಖಲೆ) ಅರ್ಜಿ ಹಾಕಿದ್ದೇನೆ, ಬಂದ ಮೇಲೆ ಬರೆಯುತ್ತೇನೆ.

ಈ ವಾರ ನನಗೆ ಜಾಸ್ತಿ ಇಷ್ಟವಾದದ್ದು ಮಾತ್ರ ಬೇರೆ. ಬಟ್ಟೆ ಹರಡುವ ಸಾಗವಾನಿ ಹಲಗೆಯ ಅಂಚಿನಲ್ಲಿ ಸಾಲಾಗಿ ಹಿತ್ತಾಳೆ ಮೊಳೆಗಳಿವೆ. ಕೈ ತಾಗಿ ತಾಗಿ ತಲೆ ಸವೆದು ನುಣುಪಾಗಿವೆ. ಟೇಪು ಹಿಡಿದೆ. ಮೊದಲ ಮೊಳೆಯಿಂದ ಒಂಬತ್ತು ಇಂಚಿಗೆ ಒಂದು, ಹದಿನೆಂಟಕ್ಕೆ ಒಂದು, ಮೂವತ್ತಾರಕ್ಕೆ ಒಂದು. ಕಾಲು ಗಜ, ಅರ್ಧ ಗಜ, ಗಜ! ಕೈಯಲ್ಲಿ ಗಜಕಡ್ಡಿ ಹಿಡಿಯದೆ ಇಲ್ಲೇ ಬಟ್ಟೆ ಎಳೆದು ಅಳೆಯುತ್ತಿದ್ದರು.

ಕೊನೆಯ ಹಿತ್ತಾಳೆ ಮೊಳೆಯಿಂದ ಮೂರು ಇಂಚಿಗಿಂತ ಚೂರು ಆಚೆ ಒಂದು ಕಬ್ಬಿಣದ ಸ್ಕ್ರೂ ಇದೆ. ಅಲ್ಲಿಗೆ 39 ಇಂಚು ದಾಟುತ್ತದೆ. 1956ರ ತೂಕ-ಅಳತೆ ಕಾಯ್ದೆಯಿಂದ ಗಜ ಹೋಗಿ ಮೀಟರ್ ಬಂತಲ್ವಾ, ಆಗ ಹೊಡೆದದ್ದು ಇದು. "ನಮ್ಮಪ್ಪ ಹೊಡದಿದ್ದು" ಅಂದರು ಹಿರಿಯರು. ಹೇಳುತ್ತಲೇ ಅದರ ಮೇಲೆ ಹೆಬ್ಬೆರಳಿಟ್ಟು, ಎದುರಿಗಿದ್ದ ಗಿರಾಕಿಗೆ ಎರಡು ಮೀಟರ್ ಲಂಗದ ಬಟ್ಟೆ ಅಳೆದು ಕೊಟ್ಟರು.