ಬೈಕ್ ಬಿದ್ದ ಮೇಲಿನ ತೋಳುನೋವು: ಅಕ್ಯುಪಂಕ್ಚರ್ ಸೂಜಿ ಎಲ್ಲಿಗೆ ಸರಿ, ಎಲ್ಲಿಗೆ ಬೇಡ

ಮಳೆಗಾಲದಲ್ಲಿ ಚಾರ್ಮಾಡಿಯ ತಿರುವಿನಲ್ಲೋ ಸಕಲೇಶಪುರ ದಾಟಿದ ಮೇಲೆ ಶಿರಾಡಿಯ ಇಳಿಜಾರಿನಲ್ಲೋ ಬೈಕ್ ಜಾರಿ ಹೆಗಲ ಮೇಲೆ ಬೀಳುವವರು ಪ್ರತಿವರ್ಷ ಇದ್ದೇ ಇರುತ್ತಾರೆ. ಎಕ್ಸ್‌ರೇ ನೋಡಿ ‘ಮೂಳೆ ಮುರಿದಿಲ್ಲ’ ಅಂದರೆ ಮನೆಯವರಿಗೆ ಸಮಾಧಾನ. ನೋವು ಮಾತ್ರ ಅಲ್ಲೇ ಕೂತಿರುತ್ತದೆ. ಎಣ್ಣೆ ನೀವಿ, ಪಟ್ಟು ಹಾಕಿ, ಮಾತ್ರೆ ನುಂಗಿ ಸಾಕಾದಾಗ ಯಾರೋ ‘ಅಕ್ಯುಪಂಕ್ಚರ್ ಮಾಡಿಸಿ ನೋಡಿ’ ಅನ್ನುತ್ತಾರೆ, ಅಂದರೆ ಮೈಮೇಲಿನ ಗೊತ್ತಾದ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚಿಕಿತ್ಸೆ. ಮಾಡಿಸಬಹುದು. ಆದರೆ ಎಕ್ಸ್‌ರೇಯಲ್ಲಿ ನರವಾಗಲಿ, ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುವಾಗಲಿ ಕಾಣುವುದಿಲ್ಲ ಅನ್ನುವುದು ನೆನಪಿರಲಿ. ನೋವಿನ ಮೂಲ ತಿಳಿಯದೆ ಸೂಜಿ ಹಾಕಿಸಿಕೊಳ್ಳುತ್ತ ಕೂತರೆ, ಕೆಲವು ಗಾಯಗಳಲ್ಲಿ ಕಳೆದ ಸಮಯ ಮರಳಿ ಸಿಗುವುದಿಲ್ಲ.

ಬೈಕ್ ಅಪಘಾತದಲ್ಲಿ ಮೊದಲು ನೋಡಬೇಕಾದದ್ದು ಕತ್ತಿನಿಂದ ತೋಳಿಗೆ ಇಳಿಯುವ ನರಗಳ ಜಾಲ, ಅಂದರೆ ಬ್ರೇಕಿಯಲ್ ಪ್ಲೆಕ್ಸಸ್. ತಲೆ ಒಂದು ಕಡೆಗೆ, ಹೆಗಲು ಇನ್ನೊಂದು ಕಡೆಗೆ ಸೆಳೆದಾಗ ಈ ಜಾಲ ಹಿಗ್ಗುತ್ತದೆ, ಹರಿಯುತ್ತದೆ, ಕೆಲವೊಮ್ಮೆ ಬೇರಿನಿಂದಲೇ ಕಿತ್ತು ಬರುತ್ತದೆ. ಹೆಗಲು ಎತ್ತಲಾಗದಿದ್ದರೆ, ಮೊಣಕೈ ಮಡಚಲಾಗದಿದ್ದರೆ, ಚರ್ಮ ಮರಗಟ್ಟಿದ್ದರೆ ಅದು ಉಳುಕಲ್ಲ. ತೋಳಿನ ಜೊತೆಗೆ ಅದೇ ಬದಿಯ ಕಣ್ಣಿನ ರೆಪ್ಪೆ ಇಳಿಬಿದ್ದು ಪಾಪೆ ಚಿಕ್ಕದಾಗಿದ್ದರೆ ನರ ಬೇರಿನಿಂದ ಕಿತ್ತಿರುವ ಸಂಶಯ ಬಲವಾಗುತ್ತದೆ. ಕತ್ತರಿಸಿದ ನರ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕತ್ತಿನಿಂದ ಅಂಗೈಗೆ 70 ಸೆಂಟಿಮೀಟರ್ ಅಂದುಕೊಂಡರೂ ಸುಮಾರು ಎರಡು ವರ್ಷ. ಇತ್ತ ನರದ ಸಂಪರ್ಕ ಇಲ್ಲದ ಸ್ನಾಯು 12ರಿಂದ 18 ತಿಂಗಳಲ್ಲಿ ಚೇತರಿಸಿಕೊಳ್ಳಲಾರದಷ್ಟು ಸೊರಗುತ್ತದೆ. ಅದಕ್ಕೇ ಶಸ್ತ್ರಚಿಕಿತ್ಸೆ ಬೇಕಾದವರಿಗೆ ಅದು 3ರಿಂದ 6 ತಿಂಗಳೊಳಗೆ ಆಗಬೇಕು ಅನ್ನುವುದು. ಅಪಘಾತವಾದ 3–4 ವಾರಕ್ಕೆ ನರಪರೀಕ್ಷೆ, ಅಂದರೆ ಎನ್‌ಸಿಎಸ್ ಮತ್ತು ಇಎಂಜಿ, ಮಾಡಿಸಿ. ತೀರಾ ಬೇಗ ಮಾಡಿಸಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ‘ಹತ್ತು ಸಿಟ್ಟಿಂಗ್‌ನಲ್ಲಿ ನರ ಸರಿಹೋಗುತ್ತೆ’ ಅನ್ನುವವರ ಹತ್ತಿರ ಆ ತಿಂಗಳುಗಳನ್ನು ಕಳೆಯಬೇಡಿ.

ಇನ್ನೊಂದು ಮೋಸದ ಜಾಗ ಮಣಿಕಟ್ಟು. ಅಂಗೈ ಊರಿ ಬಿದ್ದವರಲ್ಲಿ ಹೆಬ್ಬೆರಳ ಬುಡದ ಗುಳಿಯೊಳಗಿನ ಸ್ಕೇಫಾಯ್ಡ್ ಎಂಬ ಸಣ್ಣ ಮೂಳೆ ಬಿರುಕು ಬಿಟ್ಟಿರಬಹುದು, ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಅದೇ ಗುಳಿಯಲ್ಲಿ ಅಕ್ಯುಪಂಕ್ಚರ್‌ನವರು ಎಲ್‌ಐ 5 ಎಂದು ಕರೆಯುವ ಬಿಂದುವೂ ಇದೆ (ಈ ಅಕ್ಷರ, ಅಂಕಿ ಬಿಂದುವಿನ ಹೆಸರಷ್ಟೇ). ಒತ್ತಿದಾಗ ನೋವಾದ ಜಾಗಕ್ಕೇ ಸೂಜಿ ಹಾಕುವುದು ಈ ಪದ್ಧತಿಯ ವಾಡಿಕೆ. ಆ ಗುಳಿ ನೋಯುತ್ತಿದ್ದರೆ ಸೂಜಿಗೂ ಮೊದಲು, 10–14 ದಿನಕ್ಕೆ ಎರಡನೇ ಎಕ್ಸ್‌ರೇ ಆಗಬೇಕು. ಬಿರುಕು ಕೂಡದೆ ಉಳಿದರೆ ಆ ಮೂಳೆಯ ಒಂದು ತುಂಡು ರಕ್ತ ಸಿಗದೆ ಸಾಯಬಹುದು.

ಇವೆಲ್ಲ ಇಲ್ಲ ಅಂತ ಖಾತ್ರಿಯಾದ ಮೇಲೆ ಉಳಿಯುವುದು ಕತ್ತು-ಹೆಗಲಿನ ಸ್ನಾಯು ಬಿಗಿತ, ಅಲ್ಲಿಂದ ರೆಟ್ಟೆಗೆ ಇಳಿಯುವ ಸೆಳೆತ, ಪಟ್ಟಿ ಕಟ್ಟಿಕೊಂಡು ಇಟ್ಟುಕೊಂಡಿದ್ದರಿಂದ ಸೆಟೆದುಕೊಂಡ ಭುಜ. ಸೂಜಿಯ ಕೆಲಸ ಇಲ್ಲಿ. ಅಲ್ಲೂ ಅತಿ ನಿರೀಕ್ಷೆ ಬೇಡ: ನಿಜವಾದ ಸೂಜಿಯನ್ನು ಹೆಸರಿಗಷ್ಟೇ ಹಾಕುವ ಹುಸಿ ಸೂಜಿಯೊಂದಿಗೆ ಹೋಲಿಸಿದಾಗ ಕತ್ತುನೋವಿನಲ್ಲಿ ಕಂಡ ಅಂತರ ಸಣ್ಣದು. ನನ್ನ ಲೆಕ್ಕದಲ್ಲಿ ಇದರ ಬೆಲೆ ಇರುವುದು, ನೋವು ತಗ್ಗಿದ ಆ ಹೊತ್ತಿನಲ್ಲಿ ವ್ಯಾಯಾಮ ಮಾಡಿಕೊಳ್ಳಲು ಸಾಧ್ಯವಾಗುವುದರಲ್ಲಿ.

ಸಾಮಾನ್ಯವಾಗಿ ಬಳಸುವುದು 0.25 ಮಿ.ಮೀ. ದಪ್ಪ, 25ರಿಂದ 40 ಮಿ.ಮೀ. ಉದ್ದದ ಸೂಜಿ. ಪ್ಯಾಕೆಟ್ ನಿಮ್ಮೆದುರೇ ಒಡೆಯಬೇಕು, ಬಳಸಿದ್ದು ಬಿಸಾಡುವ ಡಬ್ಬಕ್ಕೆ ಹೋಗಬೇಕು. ಬಿಂದು ಹುಡುಕುವ ಅಳತೆಗೆ ರೋಗಿಯದೇ ಹೆಬ್ಬೆರಳಿನ ಅಗಲ, ಚಿಕಿತ್ಸಕರದ್ದಲ್ಲ. ಮೊಣಕೈ ಮಡಚಿದಾಗ ಹೊರಬದಿಗೆ ಗೆರೆ ಮುಗಿಯುವಲ್ಲಿ ಎಲ್‌ಐ 11, ಅದಕ್ಕೆ ಎರಡು ಹೆಬ್ಬೆರಳು ಕೆಳಗೆ ಎಲ್‌ಐ 10, ಮುಂಗೈ ಹಿಂಬದಿಯಲ್ಲಿ ಮಣಿಕಟ್ಟಿನ ಗೆರೆಯಿಂದ ಎರಡು ಹೆಬ್ಬೆರಳು ಮೇಲೆ, ಎರಡು ಮೂಳೆಗಳ ನಡುವೆ ಟಿಇ 5. ಸೂಜಿ ಇಳಿದಾಗ ಭಾರ, ಜೋಮು ಅನಿಸುವುದು ಸಹಜ. ಶಾಕ್ ಹೊಡೆದಂತೆ ಬೆರಳ ತುದಿಗೆ ಚಿಮ್ಮಿದರೆ ನರಕ್ಕೆ ತಗುಲಿದೆ, ಆಗಲೇ ಹೇಳಿ, ಸೂಜಿ ಹಿಂದೆಗೆಯಬೇಕು. 20–30 ನಿಮಿಷ ಸಾಕು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಮೊದಲ ಸಲ ಮಲಗಿಯೇ ಹಾಕಿಸಿಕೊಳ್ಳಿ, ಕೂತವರಲ್ಲಿ ತಲೆಸುತ್ತು ಹೆಚ್ಚು. ಪೇಸ್‌ಮೇಕರ್ ಇದ್ದರೆ ಕರೆಂಟ್ ಹಾಯಿಸುವ ಸೂಜಿ ಬೇಡ. ಗರ್ಭಿಣಿಯರಿಗೆ ಹೆಬ್ಬೆರಳು-ತೋರುಬೆರಳ ನಡುವಿನ ಎಲ್‌ಐ 4, ಹೆಗಲ ಮೇಲಿನ ಜಿಬಿ 21 ಎರಡನ್ನೂ ಬಿಡುವುದು ರೂಢಿ.

ಜಿಬಿ 21 ಎಲ್ಲರಿಗೂ ಎಚ್ಚರದ ಬಿಂದುವೇ. ಕತ್ತಿನ ಬುಡಕ್ಕೂ ಭುಜದ ತುದಿಗೂ ನಡುವೆ, ಬಿಗಿದ ಸ್ನಾಯುವಿನ ನೆತ್ತಿಯಲ್ಲಿ ಅದಿದೆ, ಕೆಳಗೇ ಶ್ವಾಸಕೋಶದ ತುದಿ. ಪಳಗಿದ ಕೈ ಸ್ನಾಯುವನ್ನು ಚಿಮಟಿ ಹಿಡಿದು ಎತ್ತಿ ಅಡ್ಡಡ್ಡವಾಗಿ ಸೂಜಿ ಹಾಕುತ್ತದೆ. ನೇರ ಕೆಳಕ್ಕೆ ಆಳವಾಗಿ ಇಳಿಸಿದರೆ ಶ್ವಾಸಕೋಶ ತೂತಾಗಬಹುದು. ಎದೆ ಚುಚ್ಚುವಿಕೆ, ಏದುಸಿರು ಕೆಲವರಿಗೆ ಮನೆಗೆ ಹೋಗಿ ಗಂಟೆಗಳಾದ ಮೇಲೆ ಶುರುವಾಗುತ್ತದೆ. ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ಸೂಜಿ ಹಾಕಿಸಿಕೊಂಡಿದ್ದನ್ನು ಬಾಯಿಬಿಟ್ಟು ಹೇಳಿ.

ಸೆಟೆದುಕೊಂಡ ಭುಜಕ್ಕೆ ನನಗೆ ಹಿಡಿಸುವ ವಿಧಾನ ಬೇರೆ: ಭುಜ ಬಿಟ್ಟು ಮೊಣಕಾಲ ಕೆಳಗೆ, ಕಣಕಾಲ ಮೂಳೆಯಿಂದ ಒಂದು ಬೆರಳು ಹೊರಗಿರುವ ಎಸ್‌ಟಿ 38ಕ್ಕೆ ಸೂಜಿ ಹಾಕಿ, ಅದು ಇರುವಾಗಲೇ ತೋಳನ್ನು ನಿಧಾನಕ್ಕೆ ಎತ್ತಿಸುವುದು. ಕೈ ಊದಿ, ಬಣ್ಣ ಬದಲಾಗಿ, ಬಟ್ಟೆ ತಾಕಿದರೂ ಉರಿಯುವವರಿಗೆ ಆ ಕೈಗೆ ಸೂಜಿ ಹಾಕುವುದಕ್ಕಿಂತ ಇನ್ನೊಂದು ಕೈಗೆ ಹಾಕುವುದು ಮೇಲು. ವಾರಕ್ಕೆ ಎರಡರಂತೆ ಐದು ಸಲವಾದರೂ ತೋಳು ಮೇಲೇಳುವ ಎತ್ತರ ಸ್ವಲ್ಪವೂ ಬದಲಾಗದಿದ್ದರೆ ನಿಲ್ಲಿಸಿ, ಭುಜದ ಸ್ಕ್ಯಾನ್ ಮಾಡಿಸಿ. ನಾವೇ ಎತ್ತಲಾಗದ ತೋಳನ್ನು ಬೇರೆಯವರು ಸಲೀಸಾಗಿ ಎತ್ತಿದರೆ ಸ್ನಾಯುರಜ್ಜು ಹರಿದಿರುವ ಸಾಧ್ಯತೆ ಇದೆ. ನೋವು ತಗ್ಗಿತು ಅಂತ ಮಾರನೇ ದಿನವೇ ಮೆಣಸು ಕೊಯ್ಯಲು ಏಣಿ ಹತ್ತುವುದು, ತೋಟದ ಮರದ ಕೊಂಬೆ ಸವರುವ ಮರಗಸಿಗೆ ಕತ್ತಿ ಹಿಡಿಯುವುದು ಬೇಡವೇ ಬೇಡ.

ಯಾರ ಹತ್ತಿರ ಹೋಗುವುದು? ಬಿಎನ್‌ವೈಎಸ್, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿಯಲ್ಲಿ ಅಕ್ಯುಪಂಕ್ಚರ್ ಪಾಠ ಇದೆ. ಘಾಟಿ ಇಳಿದರೆ ಉಜಿರೆಯಲ್ಲೇ ಆ ಕಾಲೇಜಿದೆ, ಅಲ್ಲಿ ಕಲಿತವರು ನಮ್ಮ ಕಡೆಯೂ ಸಿಗುತ್ತಾರೆ. ಗೋಡೆ ಮೇಲಿನ ಸರ್ಟಿಫಿಕೇಟ್ ಎಷ್ಟು ದಿನದ ಕೋರ್ಸಿನದು ಅಂತ ಕೇಳಲು ಸಂಕೋಚ ಬೇಡ. ವಿಮೆಯ ಪರಿಹಾರ ಕೇಳುವುದಿದ್ದರೆ ಬಿಲ್ಲಿನಲ್ಲಿ ದಿನಾಂಕ, ಚಿಕಿತ್ಸಕರ ನೋಂದಣಿ ಸಂಖ್ಯೆ ಇರಲಿ. ಅದಕ್ಕಿಂತ ಮುಖ್ಯ, ಅಪಘಾತದ ದಿನವೇ ಆಸ್ಪತ್ರೆಯಲ್ಲಿ ಕೈ ಜೋಮು ಹಿಡಿದಿದ್ದನ್ನೂ ಬರೆಸಿ. ಆಸ್ಪತ್ರೆ ಗಾಯಗಳನ್ನು ಬರೆದುಕೊಡುವ ವೂಂಡ್ ಸರ್ಟಿಫಿಕೇಟಿನಲ್ಲಿ ತೋಳಿನ ಮಾತೇ ಇಲ್ಲದಿದ್ದರೆ, ಈ ನೋವಿಗೂ ಅಪಘಾತಕ್ಕೂ ಸಂಬಂಧವಿಲ್ಲ ಅಂತ ವಿಮೆಯ ವಕೀಲರು ವಾದಿಸುವುದು ಸುಲಭ.