ದೊಡ್ಡವರ ಮಾತು ಎಲ್ಲಿ ಶುರುವಾಗುತ್ತದೆ?

ಮಕ್ಕಳ ಪುಸ್ತಕದ ಎಡಿಟರ್ ಅಂದರೆ ಕಷ್ಟದ ಪದ ತೆಗೆದು ಸುಲಭದ ಪದ ಹಾಕುವವರು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ಹಸ್ತಪ್ರತಿ ಕೈಗೆ ಬಂದ ಕೂಡಲೇ ಪೆನ್ಸಿಲ್ ಹಿಡಿದು ಪದ ಹುಡುಕಲು ಕೂರುತ್ತಿದ್ದೆ. ಈಗ ಮೊದಲು ಹುಡುಕುವುದು ಕಥೆಯೊಳಗೆ ದೊಡ್ಡವರೊಬ್ಬರು ಬಂದು ನಿಂತು ವಿವರಿಸಲು ಶುರುಮಾಡುವ ಜಾಗವನ್ನು.

ಅದು ಎಲ್ಲ ಹಸ್ತಪ್ರತಿಗಳಲ್ಲೂ ಇರುತ್ತದೆ. ಯಾಕೆ ಅಂದರೆ ಬರೆಯುವವರು ದೊಡ್ಡವರು, ತಿದ್ದುವವರು ದೊಡ್ಡವರು, ಅಂಗಡಿಯಲ್ಲಿ ತಿರುವಿ ನೋಡಿ ದುಡ್ಡು ಕೊಡುವವರೂ ದೊಡ್ಡವರೇ. ಓದುವ ಮಗು ಈ ಸಾಲಿನಲ್ಲಿ ಕಟ್ಟಕಡೆಗೆ ಬರುತ್ತದೆ. ಅದರ ಪರವಾಗಿ ಮಾತಾಡಲು ಯಾರಾದರೂ ಬೇಕಲ್ವಾ? ಆ ಕೆಲಸ ನನ್ನದು ಅಂತ ನಾನು ನಂಬಿದ್ದೇನೆ.

ಚಿತ್ರಪುಸ್ತಕದಲ್ಲಿ ಇದು ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಒಂದು ಕರಡಿನಲ್ಲಿ ಹೀಗಿತ್ತು: ‘ಮಳೆ ಜೋರಾಗಿ ಸುರಿಯುತ್ತಿತ್ತು. ಪುಟ್ಟಿ ಕೆಂಪು ಛತ್ರಿ ಹಿಡಿದು ನಿಂತಿದ್ದಳು. ಅವಳಿಗೆ ತುಂಬಾ ಬೇಸರವಾಗಿತ್ತು. ಅಣ್ಣ ಇನ್ನೂ ಬಂದಿರಲಿಲ್ಲ.’ ಚಿತ್ರ ಬಂತು. ಮಳೆ ಇದೆ, ಕೆಂಪು ಛತ್ರಿ ಇದೆ, ಬೇಸರದ ಮುಖವೂ ಇದೆ. ಚಿತ್ರದಲ್ಲಿ ಇಲ್ಲದ್ದು ಒಂದೇ, ಅವಳು ಯಾರಿಗಾಗಿ ಕಾಯುತ್ತಿದ್ದಾಳೆ ಅನ್ನೋದು. ಮೊದಲ ಮೂರು ವಾಕ್ಯ ತೆಗೆದೆವು. ‘ಅಣ್ಣ ಇನ್ನೂ ಬಂದಿಲ್ಲ’ ಅನ್ನುವುದಷ್ಟೇ ಪುಟದಲ್ಲಿ ಉಳಿಯಿತು. ಬೇಸರವನ್ನು ಮಗು ತಾನೇ ಮುಖ ನೋಡಿ ಕಂಡುಕೊಳ್ಳುತ್ತದೆ. ಕಂಡುಕೊಂಡಾಗ ಅದಕ್ಕೆ ಆಗುವ ಖುಷಿಯನ್ನು ನಾವು ಕಿತ್ತುಕೊಳ್ಳಬಾರದು.

ಈಗ ನನ್ನದೇ ಒಂದು ತಪ್ಪು. ಇನ್ನೊಂದು ಪುಸ್ತಕದಲ್ಲಿ ‘ಬಾಗಿಲ ಹಿಂದೆ ಯಾರಿದ್ದಾರೆ?’ ಅನ್ನುವ ಪ್ರಶ್ನೆ ಎಡಪುಟದಲ್ಲಿ ಬಂತು, ಉತ್ತರದ ಚಿತ್ರ ಪಕ್ಕದ ಬಲಪುಟದಲ್ಲೇ ಬಂತು. ಕಂಪ್ಯೂಟರ್ ಪರದೆಯ ಮೇಲೆ ಒಂದೊಂದೇ ಪುಟ ನೋಡಿದ್ದ ನನಗೆ ಅದು ಹೊಳೆಯಲೇ ಇಲ್ಲ. ಅಚ್ಚಾದ ಮೇಲೆ ಮಕ್ಕಳ ಮುಂದೆ ಕೂತು ಓದಿದೆ. ನಾನು ಪ್ರಶ್ನೆ ಮುಗಿಸುವ ಮೊದಲೇ ಎಲ್ಲರೂ ಬಲಪುಟದ ಮೇಲೆ ಬೆರಳಿಟ್ಟು ‘ಬೆಕ್ಕು!’ ಅಂದುಬಿಟ್ಟರು. ಇಡೀ ಕಥೆ ನಿಂತಿದ್ದೇ ಆ ಒಂದು ಪುಟ ತಿರುವುವ ಕ್ಷಣದ ಮೇಲೆ. ಆವತ್ತು ಬಹಳ ನೊಂದುಕೊಂಡೆ.

ಅಂದಿನಿಂದ ಡಮ್ಮಿ, ಅಂದರೆ ಪುಸ್ತಕದ ಕೈಮಾದರಿ, ಮಾಡದೆ ಯಾವ ಚಿತ್ರಪುಸ್ತಕವನ್ನೂ ಮುಂದಕ್ಕೆ ಕಳಿಸಿಲ್ಲ. ಎಂಟು ಹಾಳೆ ಮಡಚಿ ನಡುವೆ ಪಿನ್ ಹೊಡೆದರೆ 32 ಪುಟ ಆಯಿತು. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ ಇರುವುದಕ್ಕೂ ಮಡಿಕೆಯೇ ಕಾರಣ. ಪ್ರೆಸ್ಸಿನ ದೊಡ್ಡ ಹಾಳೆ ಮಡಚಿದಾಗ 8, 16, 32 ಹೀಗೆ ಪುಟಗಳಾಗುತ್ತವೆ. ಹೆಸರಿನ ಪುಟ, ಹಕ್ಕುಗಳ ಪುಟ ಎಲ್ಲ ಕಳೆದರೆ ಕಥೆಗೆ ಸಿಗುವುದು ಸುಮಾರು 12ರಿಂದ 14 ಜೋಡಿ ಪುಟ. ಮಾತುಗಳನ್ನು ಕತ್ತರಿಸಿ ಅಂಟಿಸಿ, ಕೈಯಾರೆ ತಿರುವಿ, ಗಟ್ಟಿಯಾಗಿ ಓದಬೇಕು. ಪ್ರಶ್ನೆ ಬಲಪುಟದ ಕೊನೆಗೆ, ಉತ್ತರ ಪುಟ ತಿರುವಿದ ಮೇಲೆ. ಪಾತ್ರದ ಮುಖ ನಡುವಿನ ಮಡಿಕೆಗೆ ಸಿಕ್ಕಿಕೊಂಡಿದ್ದರೆ ಅದೂ ಇಲ್ಲೇ ಗೊತ್ತಾಗುತ್ತದೆ.

ಗಟ್ಟಿಯಾಗಿ ಓದಿದಾಗಲೇ ನನಗೆ ಪದಗಳ ಬಗ್ಗೆಯೂ ಬುದ್ಧಿ ಬಂತು. ಮಗು ಹೊಸ ಪದಕ್ಕೆ ಹೆದರುವುದಿಲ್ಲ. ಕೇಳಲು ಚೆನ್ನಾಗಿದ್ದರೆ ಅದನ್ನೇ ಹತ್ತು ಸಲ ಹೇಳಿಕೊಂಡು ಓಡಾಡುತ್ತದೆ. ಅದು ಎಡವುವುದು ಉದ್ದದ ವಾಕ್ಯದಲ್ಲಿ, ಕ್ರಿಯಾಪದ ಬರುವ ಹೊತ್ತಿಗೆ ಕರ್ತೃವೇ ಮರೆತುಹೋಗುವಂಥ ವಾಕ್ಯದಲ್ಲಿ. ಇನ್ನು ಓದಲು ಈಗಷ್ಟೇ ಕಲಿಯುತ್ತಿರುವವರಿಗೆ ಅಕ್ಷರ ದೊಡ್ಡದಿದ್ದರೆ ಸಾಲದು, ಸಾಲುಗಳ ನಡುವೆ ಜಾಗ ಬೇಕು. ಜಾಗ ಕಮ್ಮಿಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ನಾವು ಅದನ್ನು ಅಂದಾಜಿನಲ್ಲೇ ಓದಿಬಿಡುತ್ತೇವೆ. ಆರು ವರ್ಷದ ಮಗುವಿಗೆ ಆ ಅಂದಾಜು ಇರುವುದಿಲ್ಲ.

ಹದಿಹರೆಯದವರ ಪುಸ್ತಕದ ಕಷ್ಟ ಬೇರೆ. ಅಲ್ಲಿ ಚಿತ್ರದ ಆಸರೆ ಇಲ್ಲ, ಓದುವವರ ಮೂಗೂ ಬಹಳ ಚುರುಕು. ಉಪದೇಶದ ವಾಸನೆ ಬಂದರೆ ಸುಮ್ನೆ ಪುಸ್ತಕ ಮುಚ್ಚಿಡುತ್ತಾರೆ, ಯಾಕೆ ಅಂತಲೂ ಹೇಳುವುದಿಲ್ಲ. ಒಂದು ಕಾದಂಬರಿಯಲ್ಲಿ ಹುಡುಗನೊಬ್ಬ ಗೆಳೆಯನ ಫೋನ್ ಒಡೆದು, ತಾನಲ್ಲ ಅಂತ ಸುಳ್ಳು ಹೇಳುತ್ತಾನೆ. ಕೊನೆಯ ಅಧ್ಯಾಯದಲ್ಲಿ ಸೋದರಮಾವ ಬಂದು ನಾಲ್ಕು ಪುಟ ಪ್ರಾಮಾಣಿಕತೆಯ ಬಗ್ಗೆ ಮಾತಾಡುತ್ತಾರೆ. ನನಗೆ ಅದು ಚೆನ್ನಾಗಿದೆ ಅನಿಸಿತ್ತು! ಅಚ್ಚಿಗೆ ಮೊದಲು 14 ವರ್ಷದ ಹುಡುಗಿಯೊಬ್ಬಳಿಗೆ ಪ್ರತಿ ಕೊಟ್ಟಿದ್ದೆವು. ಆ ನಾಲ್ಕು ಪುಟದ ಪಕ್ಕ ಪೆನ್ಸಿಲ್‌ನಲ್ಲಿ ಉದ್ದ ಗೆರೆ ಎಳೆದು ಬರೆದಿದ್ದಳು: ‘ಇಲ್ಲಿಂದ ದೊಡ್ಡವರು ಮಾತಾಡ್ತಿದ್ದಾರೆ.’

ಲೇಖಕರಿಗೆ ಅದನ್ನು ತೋರಿಸುವುದು ಸುಲಭವಾಗಿರಲಿಲ್ಲ. ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರು. “ಮಕ್ಕಳು ತಪ್ಪು ತಿಳಿದುಕೊಂಡರೆ ಏನು ಮಾಡ್ತೀರಿ?” ಅಂತ ಕೇಳಿದರು. “ಸರ್, ಹಿಂದಿನ ಹನ್ನೊಂದು ಅಧ್ಯಾಯದಲ್ಲಿ ಆ ಹುಡುಗನಿಗೆ ನಿದ್ದೆಯೇ ಬಂದಿಲ್ಲ. ಅದನ್ನು ಬರೆದವರು ನೀವೇ ಅಲ್ವಾ? ಅಷ್ಟು ಸಾಕು” ಅಂದೆ. ಎರಡು ವಾರ ಉತ್ತರವಿಲ್ಲ. ಆಮೇಲೆ ಹೊಸ ಅಧ್ಯಾಯ ಬಂತು. ಒಂದೂವರೆ ಪುಟ. ಸೋದರಮಾವ ಇಲ್ಲ. ಹುಡುಗ ಗೆಳೆಯನ ಮನೆ ಬಾಗಿಲಲ್ಲಿ ನಿಂತಿದ್ದಾನೆ, ಬೆರಳು ಕಾಲಿಂಗ್ ಬೆಲ್ ಮೇಲಿದೆ. ಅಲ್ಲಿಗೆ ಮುಗಿಯಿತು.

ಅದನ್ನೂ ಅದೇ ಹುಡುಗಿಗೆ ಕೊಟ್ಟೆವು. ಈ ಸಲ ಗೆರೆ ಇರಲಿಲ್ಲ. ಕೊನೆಯ ಪುಟದಲ್ಲಿ ಉಳಿದಿದ್ದ ಖಾಲಿ ಜಾಗದಲ್ಲಿ ಪೆನ್ಸಿಲ್‌ನಿಂದ ತಾನೇ ಮುಂದಕ್ಕೆ ಬರೆದಿದ್ದಳು. ಬಾಗಿಲು ತೆಗೆದವರು ಯಾರು, ಅವನು ಮೊದಲು ಏನಂದ, ಗೆಳೆಯ ಎಷ್ಟು ಹೊತ್ತು ಮಾತಾಡದೆ ನಿಂತ, ಎಲ್ಲ. ಆ ಪ್ರತಿಯನ್ನು ಹಾಗೇ ಲೇಖಕರಿಗೆ ಕಳಿಸಿಕೊಟ್ಟೆ.